ನಮ್ಮೂರಿನ ಪೇಜಿಗೆ ಸರಿಯಾದ ಕನ್ನಡ ಫಾಂಟ್: ಸಿಎಸ್‌ಎಸ್‌ನ ಐದು ವಿಷಯ

ವೆಬ್ ಪೇಜ್ ಮಾಡೋಕೆ ಕಲಿತ ಕೂಡಲೇ ನಮ್ಮಲ್ಲಿ ಬಹಳ ಜನ ಊರಿನ ಪೇಜ್ ಮಾಡ್ತೀವಿ. ಬಸವಕಲ್ಯಾಣದವರಿಗೆ ಅನುಭವ ಮಂಟಪ, ಹುಮನಾಬಾದಿನವರಿಗೆ ವೀರಭದ್ರೇಶ್ವರ ಜಾತ್ರೆ. ಮಾಹಿತಿ ಚೆನ್ನಾಗಿರ್ತದೆ, ಆದರೆ ಮೊಬೈಲ್‌ನಲ್ಲಿ ಓದೋಕೆ ಕಷ್ಟ. ನಾವು ನೋಡುವ ಸಿಎಸ್‌ಎಸ್ ಪಾಠಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರಕ್ಕೆ ಮಾಡಿದವು. ಕನ್ನಡಕ್ಕೆ ಏನು ಬದಲಿಸಬೇಕು, ನೋಡೋಣ.

1. ಮೊದಲು ಯೂನಿಕೋಡ್
ಹಳೆಯ ನುಡಿ, ಬರಹ ಫೈಲುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರದ ಕೋಡ್ ಮೇಲೆ ಕೂರಿಸಿರ್ತಾರೆ. ಆ ಫಾಂಟ್ ಇಲ್ಲದಿದ್ದರೆ ಬರೀ ಚಿಹ್ನೆಗಳು ಕಾಣ್ತವೆ. ಫಾಂಟ್ ಜೊತೆಗೆ ಕೊಟ್ಟರೆ ಕಣ್ಣಿಗೆ ಸರಿ ಕಾಣಬಹುದು, ಆದರೆ 'ಹುಮನಾಬಾದ್' ಅಂತ ಸರ್ಚ್ ಮಾಡಿದವರಿಗೆ ಪೇಜ್ ಸಿಗಲ್ಲ. ಇದನ್ನು ಸಿಎಸ್‌ಎಸ್ ಸರಿ ಮಾಡಲ್ಲ. ಪಠ್ಯವನ್ನೇ ಯೂನಿಕೋಡ್‌ಗೆ ಕನ್ವರ್ಟ್ ಮಾಡಬೇಕು.

2. ಫಾಂಟ್-ಫ್ಯಾಮಿಲಿ
ಇಲ್ಲಿ ಒಂದೇ ಹೆಸರಲ್ಲ, ಪಟ್ಟಿ ಕೊಡಬೇಕು: ರೋಬೋಟೋ, ನೋಟೋ ಸ್ಯಾನ್ಸ್ ಕನ್ನಡ, ಕೊನೆಗೆ ಸ್ಯಾನ್ಸ್-ಸೆರಿಫ್. ಬ್ರೌಸರ್ ಪ್ರತಿ ಅಕ್ಷರಕ್ಕೂ ಪಟ್ಟಿಯನ್ನು ಮೊದಲಿನಿಂದ ನೋಡ್ತದೆ. ರೋಬೋಟೋದಲ್ಲಿ ಕನ್ನಡ ಇಲ್ಲ, ಹಾಗಾಗಿ ಇಂಗ್ಲಿಷ್ ಅದರಲ್ಲಿ, ಕನ್ನಡ ನೋಟೋದಲ್ಲಿ ಬರ್ತದೆ. ಕನ್ನಡ ಫಾಂಟ್ ಹೆಸರಿಸದಿದ್ದರೆ ಸಿಸ್ಟಮ್‌ನಲ್ಲಿ ಸಿಕ್ಕಿದ್ದೇ ಗತಿ: ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ.

3. ಲೈನ್-ಹೈಟ್
ಮುಖ್ಯ ವಿಷಯ ಇದೇ. 'ವೀರಭದ್ರೇಶ್ವರ' ಬರೆದು ನೋಡಿ. ಒತ್ತಕ್ಷರ ಕೆಳಗೆ ಇಳೀತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏರ್ತದೆ. ಇಂಗ್ಲಿಷ್‌ಗೆ ನಡೆಯುವ 1.2 ಇಟ್ಟರೆ ಎರಡೂ ತಾಕ್ತವೆ. 1.6ರಿಂದ 1.8 ಇಡಿ. ಪಿಕ್ಸೆಲ್ ಬೇಡ, ಬರೀ ಸಂಖ್ಯೆ ಸಾಕು. ಆಗ ದೊಡ್ಡ ಶೀರ್ಷಿಕೆಗೆ ತಾನಾಗಿ ಹೆಚ್ಚು ಜಾಗ ಸಿಗ್ತದೆ. ಬಟನ್‌ಗೂ ಎತ್ತರ ಫಿಕ್ಸ್ ಮಾಡದೆ ಪ್ಯಾಡಿಂಗ್ ಕೊಡಿ, ಇಲ್ಲಾಂದ್ರೆ 'ಕಲ್ಯಾಣ'ದ ಯ-ಒತ್ತು ಕಟ್ ಆಗಬಹುದು.

4. ದಪ್ಪ ಮತ್ತು ಓರೆ
ನೋಟೋ ಸ್ಯಾನ್ಸ್ ಕನ್ನಡದಲ್ಲಿ 100ರಿಂದ 900ರವರೆಗೆ ತೂಕಗಳಿವೆ. ತಿರೋ ಕನ್ನಡದಲ್ಲಿ 400 ಮಾತ್ರ. 700 ಕೇಳಿದರೆ ಬ್ರೌಸರ್ ಸುಮ್ನೆ ಗೀಟು ದಪ್ಪ ಮಾಡ್ತದೆ. ನೋಟೋದಲ್ಲಿ ಇಟಾಲಿಕ್ ಇಲ್ಲ, ಹಾಗಾಗಿ ಅಕ್ಷರವನ್ನು ವಾಲಿಸಿಬಿಡ್ತದೆ. ಒತ್ತು ಕೊಟ್ಟು ಹೇಳಬೇಕಾದ ಮಾತಿಗೆ ಬಣ್ಣ ಅಥವಾ ದಪ್ಪ ಬಳಸಿ. ಅಪ್ಪರ್‌ಕೇಸ್ ಮಾಡುವ ಟೆಕ್ಸ್ಟ್-ಟ್ರಾನ್ಸ್‌ಫಾರ್ಮ್ ಕನ್ನಡಕ್ಕೆ ಏನೂ ಮಾಡಲ್ಲ; ನಮ್ಮಲ್ಲಿ ಆ ಭೇದವೇ ಇಲ್ಲ.

5. ಮೂರು ಭಾಷೆ, ಒಂದೇ ಪೇಜ್
ನಮ್ಮ ಕಡೆ ಕನ್ನಡ, ಮರಾಠಿ, ಉರ್ದು ಮೂರನ್ನೂ ಓದುವವರಿದ್ದಾರೆ. ಎಚ್‌ಟಿಎಂಎಲ್‌ನಲ್ಲಿ ಲ್ಯಾಂಗ್ ಗುರುತು ಹಾಕಿದರೆ ಸಿಎಸ್‌ಎಸ್‌ನಲ್ಲಿ ಪ್ರತಿ ಭಾಷೆಗೂ ಬೇರೆ ಫಾಂಟ್, ಬೇರೆ ಲೈನ್-ಹೈಟ್ ಕೊಡಬಹುದು. ಉರ್ದುವಿನ ನಸ್ತಾಲೀಕ್ ಓರೆಯಾಗಿ ಇಳಿಯೋದ್ರಿಂದ ಅದಕ್ಕೆ ಕನ್ನಡಕ್ಕಿಂತಲೂ ಹೆಚ್ಚು ಜಾಗ ಬೇಕು.

ನೆಟ್‌ವರ್ಕ್ ನಿಧಾನ ಇರುವಲ್ಲಿ ಫಾಂಟ್-ಡಿಸ್‌ಪ್ಲೇ ಸ್ವಾಪ್ ಇಡಿ. ಫಾಂಟ್ ಇಳಿಯೋ ತನಕ ಖಾಲಿ ಜಾಗದ ಬದಲು ಸಿಸ್ಟಮ್ ಫಾಂಟ್‌ನಲ್ಲೇ ಪಠ್ಯ ಕಾಣ್ತದೆ.

ಕೊನೆಗೆ ಒಂದು ಟೆಸ್ಟ್: ಪೇಜನ್ನು 200% ಜೂಮ್ ಮಾಡಿ, ಆಮೇಲೆ ಮನೆಯ ಹಿರಿಯರ ಕೈಗೆ ಮೊಬೈಲ್ ಕೊಡಿ. ಅವರು ಕನ್ನಡಕ ಸರಿಮಾಡಿಕೊಳ್ಳದೆ ಓದಿದರೆ ನಮ್ಮ ಸಿಎಸ್‌ಎಸ್ ಪಾಸ್!