ಶೇಂಗಾ ಬೇರಿನ ಗುಟ್ಟು, ಗಾಜಿನ ಬುರುಡೆಯ ನಕಲು

2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ನಮ್ಮ ರೈತರು ಪಟ್ಟ ಪಾಡು ಯಾರೂ ಮರೆತಿಲ್ಲ. ಕೊಪ್ಪಳದಂಥ ಜಿಲ್ಲೆಗಳಲ್ಲಿ ಗೊಬ್ಬರದಂಗಡಿ, ಸೊಸೈಟಿಗಳ ಮುಂದೆ ಉದ್ದುದ್ದ ಸಾಲು. ಹೊಲದಲ್ಲಿ ಮೆಕ್ಕೆಜೋಳ ಗೊಬ್ಬರಕ್ಕೆ ಕಾದಿದೆ, ಚೀಲ ಮಾತ್ರ ಇಲ್ಲ. ಬೆಂಗಳೂರಿನವರು ದಿಲ್ಲಿಯತ್ತ ಬೆರಳು ತೋರಿಸಿದರು, ದಿಲ್ಲಿಯವರು ಬೆಂಗಳೂರಿನತ್ತ.

ತಮಾಷೆ ಏನು ಗೊತ್ತೇ? ಯಾವ ಮಾಲಿಗಾಗಿ ಇಷ್ಟೆಲ್ಲ ನೂಕುನುಗ್ಗಲೋ, ಅದು ಸಾಲಿನಲ್ಲಿ ನಿಂತವರ ಮೂಗಿನ ಮುಂದೆಯೇ ಇತ್ತು! ಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕ. ಯೂರಿಯಾ ಪೈರಿಗೆ ಕೊಡುವುದೂ ಅದನ್ನೇ. 45 ಕಿಲೋ ಚೀಲದಲ್ಲಿ ಹತ್ತಿರ ಹತ್ತಿರ 21 ಕಿಲೋ.

ಹಾಗಾದ್ರೆ ಗಾಳಿಯಿಂದಲೇ ಯಾಕೆ ತಗೋಬಾರದು ಅಂತೀರಾ? ಅಲ್ಲೇ ಇರೋದು ತೊಡಕು. ಗಾಳಿಯಲ್ಲಿ ಸಾರಜನಕದ ಎರಡೆರಡು ಪರಮಾಣುಗಳು ಮೂರು ಕೊಂಡಿ ಹಾಕಿಕೊಂಡು ಒಂದನ್ನೊಂದು ಬಿಗಿಯಾಗಿ ಹಿಡಿದಿವೆ. ಆ ಕೊಂಡಿ ಬಿಡಿಸದೆ ಪೈರಿಗೆ ಒಂದು ತುತ್ತೂ ದಕ್ಕದು.

ಬೆಂಕಿಯ ದಾರಿ

ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ಒಂದು ದಾರಿ ತೋರಿಸಿದ. 1913ರಲ್ಲಿ ಓಪ್ಪೌ ಎಂಬಲ್ಲಿ ಕಾರ್ಖಾನೆ ಎದ್ದಿತು. 400ರಿಂದ 500 ಡಿಗ್ರಿ ಶಾಖ, ಗಾಳಿಯ ಸಾಮಾನ್ಯ ಒತ್ತಡದ ನೂರೈವತ್ತು ಇನ್ನೂರು ಪಟ್ಟು ಒತ್ತಡ. ಅಷ್ಟು ಹಿಂಸೆ ಕೊಟ್ಟ ಮೇಲೆ ಸಾರಜನಕ ಜಲಜನಕದೊಡನೆ ಸೇರಿ ಅಮೋನಿಯ ಆಗುತ್ತದೆ. ಅಮೋನಿಯದಿಂದ ಯೂರಿಯಾ. 1976ರಲ್ಲಿ ಉತ್ಪಾದನೆ ಶುರುಮಾಡಿದ ನಮ್ಮ ಪಣಂಬೂರಿನ ಕಾರ್ಖಾನೆಯದೂ ಇದೇ ದಾರಿ. ಜಲಜನಕಕ್ಕೆ ಮೊದಲು ನಾಫ್ತಾ ಬಳಸುತ್ತಿದ್ದರು, ಈಗ ನೈಸರ್ಗಿಕ ಅನಿಲ. ದೇಶ ಬಳಸುವ ಅನಿಲದಲ್ಲಿ ದೊಡ್ಡ ಪಾಲು ಹಡಗಿನಲ್ಲಿ ಬರಬೇಕು. ದೂರದ ಕಡಲಲ್ಲಿ ಗಲಾಟೆಯಾದರೆ ಇಲ್ಲಿ ನಮ್ಮ ಸೊಸೈಟಿಗೆ ಬಿಸಿ.

ತಣ್ಣನೆ ಕಾರ್ಖಾನೆ

ಈಗ ಒಂದು ಶೇಂಗಾ ಗಿಡ ಕಿತ್ತು ನೋಡಿ. ಬೇರಿನ ತುಂಬ ಸಣ್ಣ ಸಣ್ಣ ಗಂಟು. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅಲ್ಲಿ ಬಿಡಾರ ಹೂಡಿರುವುದು ರೈಜೋಬಿಯಂ ಜಾತಿಯ ಸೂಕ್ಷ್ಮಜೀವಿ. ಅದರ ಬಳಿ ಇರುವ ನೈಟ್ರೋಜಿನೇಸ್ ಎಂಬ ಕಿಣ್ವ ಮಣ್ಣಿನ ತಂಪಿನಲ್ಲೇ, ಒಲೆ ಇಲ್ಲದೆ, ಕೊಳವೆ ಇಲ್ಲದೆ ಆ ಮೂರು ಕೊಂಡಿ ಬಿಡಿಸುತ್ತದೆ!

ಗುಟ್ಟೇನು? ಕಿಣ್ವದ ಗರ್ಭದಲ್ಲಿ ಲೋಹದ ಒಂದು ಗಂಟಿದೆ. ಏಳು ಕಬ್ಬಿಣ, ಒಂದು ಮಾಲಿಬ್ಡಿನಂ, ಒಂಬತ್ತು ಗಂಧಕ, ನಟ್ಟನಡುವೆ ಒಂದು ಇಂಗಾಲ. ಇದರ ಆಕಾರ ಬಯಲಾದದ್ದು 1992ರಲ್ಲಿ. ನಡುವೆ ಕೂತದ್ದು ಇಂಗಾಲವೇ ಎಂದು ಖಾತ್ರಿಯಾಗಲು 2011 ಬರಬೇಕಾಯಿತು.

ನಕಲು ಮಾಡಿದರೆ?

ಗಿರಣಿ ಎಷ್ಟೇ ದೊಡ್ಡದಿರಲಿ, ಹಿಟ್ಟು ಮಾಡುವುದು ಒಳಗಿನ ಎರಡು ಕಲ್ಲು. ಕಿಣ್ವವೂ ಹಾಗೇ. ಗೋಡೆ ಮಾಡು ಬಿಟ್ಟು ಕಲ್ಲನ್ನಷ್ಟೇ ಮಾಡಿದರೆ ಹೇಗೆ ಎಂದು ರಸಾಯನ ಪಂಡಿತರು ತಲೆ ಓಡಿಸಿದರು. ಒಂದು ಲೋಹ, ಅದನ್ನು ಹಿಡಿದಿಡಲು ಸುತ್ತ ಸಣ್ಣ ಅಣುಗಳ ಚೌಕಟ್ಟು. ಇದಕ್ಕೆ ಲೋಹಸಂಕೀರ್ಣ ಅಂತ ಹೆಸರು.

1965ರಲ್ಲಿ ಟೊರಾಂಟೊದ ಅಲೆನ್ ಮತ್ತು ಸೆನಾಫ್, ಸಾರಜನಕದ ಅಣು ರುಥೀನಿಯಂ ಲೋಹಕ್ಕೆ ಅಂಟಿಕೊಳ್ಳುತ್ತದೆಂದು ತೋರಿಸಿದರು. 1975ರಲ್ಲಿ ಇಂಗ್ಲೆಂಡಿನ ಜೋಸೆಫ್ ಚಾಟ್ ತಂಡ ಮಾಲಿಬ್ಡಿನಂ, ಟಂಗ್‌ಸ್ಟನ್‌ಗೆ ಅಂಟಿದ ಸಾರಜನಕಕ್ಕೆ ಆಮ್ಲ ಹಾಕಿ ಅಮೋನಿಯ ಪಡೆಯಿತು. ಆದರೆ ಅದು ಒಂದೇ ಸಲದ ಆಟ.

2003ರಲ್ಲಿ ಅಮೆರಿಕದ ರಿಚರ್ಡ್ ಶ್ರಾಕ್ ಮತ್ತು ಸಂಗಡಿಗ ಯಾಂಡುಲೋವ್ ಒಂದೇ ಮಾಲಿಬ್ಡಿನಂ ಪರಮಾಣುವನ್ನು ನಡುವೆ ಕೂರಿಸಿ, ಅಕ್ಕಪಕ್ಕದ್ದು ಬಂದು ಮೆತ್ತಿಕೊಳ್ಳದ ಹಾಗೆ ಸುತ್ತ ದಪ್ಪ ಬೇಲಿ ಕಟ್ಟಿದರು. ಕೋಣೆಯ ಶಾಖ, ಸಾಮಾನ್ಯ ಒತ್ತಡ. ಅಮೋನಿಯ ಬಂತು! ಎಷ್ಟು? ಒಂದು ಮಾಲಿಬ್ಡಿನಂಗೆ ಹೆಚ್ಚುಕಡಿಮೆ ಎಂಟು ಅಣು. ಅಷ್ಟಕ್ಕೇ ಸುಸ್ತು.

ಆಮೇಲೆ 2013ರಲ್ಲಿ ಜೋನಸ್ ಪೀಟರ್ಸ್ ತಂಡ ಕಬ್ಬಿಣದಿಂದಲೂ ಇದು ಆಗುತ್ತದೆಂದು ತೋರಿಸಿತು. 2019ರಲ್ಲಿ ಟೋಕಿಯೊದ ನಿಶಿಬಯಾಶಿ ತಂಡ ದೊಡ್ಡ ಜಿಗಿತವನ್ನೇ ಹೊಡೆಯಿತು. ನೀರಿನ ಜಲಜನಕವನ್ನೇ ಬಳಸಿ, ಒಂದು ಮಾಲಿಬ್ಡಿನಂನಿಂದ 4,350 ಅಮೋನಿಯ. ಎಂಟೆಲ್ಲಿ, ನಾಲ್ಕು ಸಾವಿರವೆಲ್ಲಿ!

ಕೊಕ್ಕೆ ಎಲ್ಲಿದೆ?

ಹಂಗಾದ್ರೆ ನಾಳೆ ಊರಿಗೊಂದು ಗೊಬ್ಬರದ ಬುರುಡೆ ಬಂತೇ? ಇಲ್ಲ ಸ್ವಾಮಿ. ಆ ಪ್ರಯೋಗದಲ್ಲಿ ಸಮೇರಿಯಂ ಅಯೊಡೈಡ್ ಎಂಬ ದುಬಾರಿ ರಾಸಾಯನಿಕ ಖರ್ಚಾಗುತ್ತದೆ. ಒಂದು ಅಣು ಅಮೋನಿಯಕ್ಕೆ ಅದರ ಮೂರು ಅಣು. ನಾಲ್ಕಾಣೆ ಸುಣ್ಣಕ್ಕೆ ರೂಪಾಯಿ ಬಾಡಿಗೆ! ಬೇರುಗಂಟಿನ ಲೋಹವನ್ನು ಯಥಾವತ್ ಪಡಿಯಚ್ಚು ಮಾಡಿ, ಅದರಷ್ಟೇ ದುಡಿಸಿದವರೂ ಇನ್ನೂ ಇಲ್ಲ. ಹಾಗಂತ ಬೇರಿಗೂ ಇದು ಪುಕ್ಕಟೆ ಅಲ್ಲ. ಗಿಡ ತನ್ನ ಸಕ್ಕರೆಯನ್ನೇ ಸೂಕ್ಷ್ಮಜೀವಿಗೆ ಕೂಲಿ ಕೊಡುತ್ತದೆ. ಆ ಕೂಲಿಗೆ ಬೇಕಾದ ಬಿಸಿಲನ್ನು ಮಾತ್ರ ಯಾವ ದೇಶದಿಂದಲೂ ತರಿಸಬೇಕಿಲ್ಲ.

ಇಲಾಖೆಗೊಂದು ಪ್ರಶ್ನೆ

ನಕಲು ಬರುವಾಗ ಬರಲಿ. ಅಸಲು ನಮ್ಮ ಕಾಲಬುಡದಲ್ಲೇ ಇದೆಯಲ್ಲ! ಮೆಕ್ಕೆಜೋಳಕ್ಕೆ, ಭತ್ತಕ್ಕೆ ಚೀಲ ಬೇಕೇ ಬೇಕು, ಸುಳ್ಳು ಹೇಳಲಾರೆವು. ಆದರೆ ತೊಗರಿ, ಹೆಸರು, ಅಲಸಂದೆ, ಶೇಂಗಾ ಹಾಕುವ ರೈತ ಆಯಾ ಬೆಳೆಗೆ ಹೊಂದುವ ರೈಜೋಬಿಯಂ ಪ್ಯಾಕೆಟ್ಟು ತಂದು, ಬೆಲ್ಲದ ತಿಳಿನೀರಿನಲ್ಲಿ ಕಲಸಿ, ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಬಿತ್ತಿದರೆ ಗಂಟು ಚೆನ್ನಾಗಿ ಕಟ್ಟುತ್ತದೆ. ಆ ಬೆಳೆಗೆ ಯೂರಿಯಾದ ಗೋಳು ಕಡಿಮೆ. ಅಕ್ಕಡಿ ಸಾಲಿನಲ್ಲಿ ಹೆಸರು, ಅಲಸಂದೆ ಬಿತ್ತುತ್ತಿದ್ದ ನಮ್ಮ ಅಜ್ಜಂದಿರು ದಡ್ಡರಾಗಿರಲಿಲ್ಲ.

ಪ್ರತಿ ಮುಂಗಾರಿಗೂ ಇಷ್ಟು ಟನ್ ಯೂರಿಯಾ ದಾಸ್ತಾನಿದೆ ಎಂದು ಕೃಷಿ ಇಲಾಖೆ ಪತ್ರಿಕೆಗಳಿಗೆ ಲೆಕ್ಕ ಕೊಡುತ್ತದೆ. ಸಂತೋಷ. ಜತೆಗೇ ಇನ್ನೊಂದು ಲೆಕ್ಕ ಕೊಡಲಿ. ಬಿತ್ತನೆಗೆ ಮೊದಲು ಯಾವ ರೈತ ಸಂಪರ್ಕ ಕೇಂದ್ರಕ್ಕೆ ಎಷ್ಟು ರೈಜೋಬಿಯಂ ಪ್ಯಾಕೆಟ್ಟು ಬಂತು? ಅದನ್ನು ಎಲ್ಲಿ ಇಟ್ಟಿದ್ದರು? ಅದರೊಳಗೆ ಇರುವುದು ಜೀವ. ತಗಡಿನ ಶೆಡ್ಡಿನಲ್ಲಿ ಬೆಂದ ಪ್ಯಾಕೆಟ್ಟು ಸತ್ತ ಪ್ಯಾಕೆಟ್ಟು. ಅದನ್ನು ರೈತನ ಕೈಗಿಟ್ಟರೆ ಬೆಲ್ಲವೂ ದಂಡ, ಬೀಜವೂ ದಂಡ.