ಗೋದಾಮಿಗೊಂದು ಬೆಂಕಿಗಂಟೆ

ಅಡಿಕೆ ಚೀಲ ಪೇರಿಸಿಟ್ಟ ಗೋದಾಮಿನಲ್ಲಿ ರಾತ್ರಿ ಗೋಣಿಯೊಂದು ಹೊಗೆಯಾಡತೊಡಗಿದರೆ ನಮಗೆ ತಿಳಿಯುವುದು ಜ್ವಾಲೆ ಮಾಡು ಮುಟ್ಟಿದ ಮೇಲೆಯೇ. ಆ ನಡುವಿನ ಹೊತ್ತನ್ನು ಉಳಿಸಿಕೊಡುವುದೇ ಬೆಂಕಿ ಎಚ್ಚರಿಕೆ ಗಂಟೆಯ ಕೆಲಸ.

ಪೇಟೆಯ ಕಟ್ಟಡಗಳ ಚಾವಣಿಯಲ್ಲಿ ಕಾಣುವ ಬಿಳಿ ಬಟ್ಟಲುಗಳಲ್ಲಿ ಹೆಚ್ಚಿನವುಗಳ ಒಳಗೆ ಸಣ್ಣದೊಂದು ಬೆಳಕು, ಆ ಬೆಳಕು ನೇರ ಬೀಳದ ಮೂಲೆಯಲ್ಲಿ ಅದನ್ನು ಗುರುತಿಸುವ ಕಣ್ಣು ಇರುತ್ತವೆ. ಹೊಗೆ ನುಗ್ಗಿದರೆ ಬೆಳಕು ಚದುರಿ ಕಣ್ಣಿಗೆ ತಾಗುತ್ತದೆ. ಸುದ್ದಿ ತಂತಿಯ ಮೂಲಕ ಫಲಕಕ್ಕೆ ಹೋಗಿ ಗಂಟೆ ಬಾರಿಸುತ್ತದೆ. ಕರೆಂಟು ಹೋದರೆ ಬ್ಯಾಟರಿ ಉಂಟು. ನಮ್ಮ ಮಳೆಗಾಲಕ್ಕೆ ಅದಿಲ್ಲದೆ ನಡೆಯದು. ತಂತಿಯ ಕೊನೆಗೆ ರೆಸಿಸ್ಟರೊಂದನ್ನು ಕೂರಿಸಿ ಸದಾ ಅಲ್ಪ ವಿದ್ಯುತ್ತು ಹರಿಯುವಂತೆ ಇಟ್ಟಿರುತ್ತಾರೆ. ಇಲಿ ತಂತಿ ಕಡಿದರೆ ಹರಿವು ನಿಂತು, ಫಲಕ ತಾನಾಗಿಯೇ ದೋಷ ತೋರಿಸುತ್ತದೆ.

ಆದರೆ ಅಡಿಕೆ ಬೇಯಿಸುವ ಒಲೆಯ ಬಳಿ, ಕಾಫಿ ಹಲ್ಲಿಂಗ್ ಯಂತ್ರದ ಧೂಳಿನಲ್ಲಿ ಇದು ಸುಮ್ಮಸುಮ್ಮನೆ ಕೂಗುತ್ತದೆ. ನಾಲ್ಕು ಸಲ ಸುಳ್ಳು ಕೂಗಿದ ಗಂಟೆಗೆ ಐದನೆಯ ಸಲ ಯಾರೂ ಏಳರು. ಅಂಥಲ್ಲಿ ಶಾಖಕ್ಕೆ ಓಗೊಡುವ ಬಗೆಯೇ ವಾಸಿ. ಸಾಮಾನ್ಯವಾಗಿ 57 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಬಾರಿಸುತ್ತದೆ. ಹೊಗೆಯದಕ್ಕಿಂತ ತಡ, ನಿಜ. ಒಲೆಯ ನೇರಕ್ಕೆ ಮಾತ್ರ ಕೂರಿಸಬೇಡಿ.

ಯಾವ ಬಗೆಯದಾದರೂ ತಿಂಗಳಿಗೊಮ್ಮೆಯಾದರೂ ಬಾರಿಸಿ ನೋಡಿ, ಬಟ್ಟಲಿನ ಜೇಡರಬಲೆ ತೆಗೆಯಿರಿ.