ಎಸ್.795 ಗಿಡ ಮತ್ತು ವಿಜ್ಞಾನಿಯ ‘ಸೈಟೇಶನ್’: ಏನಿದು ಲೆಕ್ಕ, ಬೆಳೆಗಾರರಿಗೆ ಏನು ಉಪಯೋಗ?

ಮಡಿಕೇರಿ: ‘ಇವರ ಸಂಶೋಧನೆಗೆ ಇಷ್ಟು ಸೈಟೇಶನ್ ಇದೆ, ಎಚ್-ಇಂಡೆಕ್ಸ್ ಇಷ್ಟಿದೆ’ ಅಂತ ವಿಜ್ಞಾನಿಗಳ ಪರಿಚಯದಲ್ಲಿ ಬರೆದಿರುತ್ತಾರೆ. ಈ ಲೆಕ್ಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ? ಜಿಲ್ಲೆಯ ಅರೇಬಿಕಾ ತೋಟಗಳಲ್ಲಿರುವ ಎಸ್.795 ಗಿಡವನ್ನೇ ಉದಾಹರಣೆಯಾಗಿ ನೋಡಬಹುದು.

ಗಿಡದೊಳಗಿನ ಜೀನ್

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಎಸ್.795 ತಳಿಯನ್ನು ಬಿಡುಗಡೆ ಮಾಡಿತು. ಎಸ್.288 ಮತ್ತು ಕೆಂಟ್ ತಳಿಗಳನ್ನು ಸೇರಿಸಿ ಮಾಡಿದ್ದು ಇದು. ಎಸ್.288ರ ಮೂಲ ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿಯೇ ಕೂಡಿ ಹುಟ್ಟಿದ ಗಿಡ. ಲೈಬೀರಿಕಾದಿಂದ ಎಲೆ ತುಕ್ಕು ರೋಗ ತಡೆಯುವ ಜೀನ್ ಒಂದು ಬಂತು. ವಿಜ್ಞಾನಿಗಳು ಅದನ್ನು ಎಸ್‌ಎಚ್3 ಅಂತಾರೆ.

ಕಾಫಿ ಮಂಡಳಿಯ ವಿಜ್ಞಾನಿ ಎನ್.ಎಸ್. ಪ್ರಕಾಶ್ ಫ್ರಾನ್ಸ್, ಪೋರ್ಚುಗಲ್‌ನ ಸಂಶೋಧಕರ ಜೊತೆ ಸೇರಿ ಈ ಜೀನ್ ಬೆನ್ನು ಹತ್ತಿದರು. ಎಸ್.288 ಮತ್ತು ಮಟಾರಿ ತಳಿಯ ಸಂಕರದ ಎರಡನೇ ಪೀಳಿಗೆಯ 101 ಗಿಡ ಪರೀಕ್ಷಿಸಿ, ಜೀನ್ ಜೊತೆಗೇ ಬರುವ 21 ಡಿಎನ್‌ಎ ಗುರುತು ಪತ್ತೆ ಮಾಡಿದರು. 2004ರಲ್ಲಿ ಲೇಖನ ಪ್ರಕಟವಾಯಿತು. ಇಂಥ ಗುರುತು ಸಿಕ್ಕರೆ ರೋಗ ಬರಲಿ ಅಂತ ಕಾಯಬೇಕಿಲ್ಲ, ಸಸಿಯ ಎಲೆ ಚೂರಿನಲ್ಲೇ ಲ್ಯಾಬ್‌ನಲ್ಲಿ ಜೀನ್ ಇದೆಯಾ ನೋಡಬಹುದು.

ಸೈಟೇಶನ್ ಅಂದರೆ

ಬೇರೆ ಸಂಶೋಧಕರು ತಮ್ಮ ಲೇಖನದಲ್ಲಿ ‘ಈ ವಿಷಯ ಅಲ್ಲಿಂದ ತಗೊಂಡೆವು’ ಅಂತ ಹೆಸರಿಸಿದರೆ ಅದು ಒಂದು ಸೈಟೇಶನ್. ಪ್ರಕಾಶ್ ತಂಡದ ಲೇಖನವನ್ನೂ ತುಕ್ಕು ರೋಗದ ಮುಂದಿನ ಅಧ್ಯಯನಗಳು ಹೀಗೆ ಹೆಸರಿಸಿವೆ.

ಎಚ್-ಇಂಡೆಕ್ಸ್ ಲೆಕ್ಕವನ್ನು 2005ರಲ್ಲಿ ಕೊಟ್ಟವರು ಭೌತವಿಜ್ಞಾನಿ ಜಾರ್ಜ್ ಹಿರ್ಷ್. ಒಬ್ಬರ 10 ಲೇಖನಗಳಿಗೆ ತಲಾ ಕನಿಷ್ಠ 10 ಸೈಟೇಶನ್ ಇದ್ದರೆ ಇಂಡೆಕ್ಸ್ 10. ಒಂದಕ್ಕೆ ಸಾವಿರ ಬಂದು ಉಳಿದವಕ್ಕೆ ಸೊನ್ನೆ ಇದ್ದರೆ ಇಂಡೆಕ್ಸ್ ಬರೀ 1. ಅಂಗಡಿಯಲ್ಲಿ ಒಂದೇ ಸಾಮಾನು ಜೋರಾಗಿ ಹೋಗುವುದಕ್ಕೂ, ಹತ್ತಾರು ಸಾಮಾನು ದಿನಾ ಹೋಗುವುದಕ್ಕೂ ಇರುವ ವ್ಯತ್ಯಾಸ ಇದು.

ಲೆಕ್ಕಕ್ಕೆ ಸಿಗದ್ದು

ಕ್ಯಾನ್ಸರ್ ಬಗ್ಗೆ ಬರೆಯುವವರು ಲಕ್ಷಾಂತರ, ಕಾಫಿ ಬಗ್ಗೆ ಬರೆಯುವವರು ಕಡಿಮೆ. ಹಾಗಾಗಿ ಇಬ್ಬರ ಸಂಖ್ಯೆಯನ್ನು ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ತಪ್ಪು ತೋರಿಸಲು ಹೆಸರಿಸಿದರೂ ಸೈಟೇಶನ್ನೇ, ತಮ್ಮ ಲೇಖನವನ್ನು ತಾವೇ ಹೆಸರಿಸಿಕೊಂಡರೂ ಬಹಳ ಕಡೆ ಲೆಕ್ಕಕ್ಕೆ ಬರುತ್ತದೆ.

ಮುಖ್ಯವಾಗಿ, ಬೆಳೆಗಾರ ಗಿಡ ನೆಟ್ಟರೆ ಅದು ಸೈಟೇಶನ್ ಅಲ್ಲ. ಎಸ್.795 ತಲೆಮಾರುಗಳಿಂದ ಮನೆಗಳನ್ನು ಸಾಕಿದೆ, ಆ ಲೆಕ್ಕ ಯಾವ ಇಂಡೆಕ್ಸ್‌ನಲ್ಲೂ ಇಲ್ಲ. ಹಾಗೆಯೇ, ತುಕ್ಕು ರೋಗದ ಶಿಲೀಂಧ್ರ ಹೊಸ ರೂಪ ತಾಳುತ್ತಾ ಬಂದು ಈಗ ಎಸ್.795ಕ್ಕೂ ರೋಗ ತಗಲುತ್ತದೆ, ಬೋರ್ಡೋ ಹೊಡೆಯುವುದು ತಪ್ಪಿಲ್ಲ. ಕಾಂಡ ಕೊರಕದ ಕಾಟ ಬೇರೆ.

ಹೀಗಾಗಿ ‘ದೊಡ್ಡ ಸಂಶೋಧನೆ ಆಗಿದೆ’ ಅಂತ ಯಾರಾದರೂ ಹೊಸ ಸಸಿ, ಔಷಧಿ ತಂದರೆ ಕೇಳಬೇಕಾದ್ದು ಎರಡು ಪ್ರಶ್ನೆ: ಬೇರೆಯವರು ಮಾಡಿ ನೋಡಿದಾಗಲೂ ಅದೇ ಫಲ ಬಂತಾ? ಕೊಡಗಿನ ಮಳೆಯಲ್ಲಿ, ನಮ್ಮ ನೆರಳಿನಲ್ಲಿ ಪರೀಕ್ಷೆ ಆಗಿದೆಯಾ? ಮೊದಲನೆಯದಕ್ಕೆ ಸೈಟೇಶನ್ ಹಿಡಿದು ಹೋದರೆ ಉತ್ತರದ ದಾರಿ ಸಿಗಬಹುದು. ಎರಡನೆಯದಕ್ಕೆ ದುಡ್ಡು ಕೊಡುವ ಮೊದಲು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು.